ರಜೆ ಹಾಕಿದ ಬಾವಿ

ಪಳನಿ ಹತ್ತಿರ ನನಗೊಬ್ಬ ಗೆಳೆಯನಿದ್ದಾನೆ. ವೇಲುಸಾಮಿ. ಸೀಬೆ ತೋಟದವನು. ವರ್ಷಕ್ಕೊಮ್ಮೆ ಒಂದು ಚೀಲ ಸೀಬೆಹಣ್ಣು ಬಸ್ಸಿಗೆ ಹಾಕಿ ಕಳಿಸುತ್ತಾನೆ, ವರ್ಷವಿಡೀ ಫೋನಿನಲ್ಲಿ ಬೈಯುತ್ತಾನೆ. ಈ ಸಲ ಮಾಟ್ಟುಪೊಂಗಲ್, ಅಂದರೆ ದನಗಳ ಹಬ್ಬದ ದಿನ, ಬೈಗುಳ ಸ್ವಲ್ಪ ಬೇಗನೇ ಶುರುವಾಯಿತು. ನಾನಿನ್ನೂ ಹಲ್ಲುಜ್ಜಿರಲಿಲ್ಲ.

ಅವನ ಬಾವಿ ರಜೆ ಹಾಕಿತ್ತಂತೆ.

ಏಳು ಜನರ ಪಾಲಿನ ಬಾವಿ ಅದು. ಯಾರು ಯಾವ ದಿನ ಎಷ್ಟು ಹೊತ್ತು ನೀರು ಹಾಯಿಸಬೇಕು ಎಂಬ ಸರದಿಗೆ ನಮ್ಮ ಕಡೆ ‘ಮುರೆ’ ಎನ್ನುತ್ತೇವೆ. ಮೊದಲು ಮುರೆ ನೋಡಿಕೊಳ್ಳಲು ಊರಲ್ಲೊಬ್ಬ ಹಿರಿಯರಿರುತ್ತಿದ್ದರು. ಈಗ ಆ್ಯಪ್ ಇದೆ. ದಿಂಡುಗಲ್ಲಿನ ಒಂದು ಕಂಪನಿಯದು. ಮುರೆ ಯಾರದೋ ಅವರ ಫೋನಿನಿಂದ ಮಾತ್ರ ಮೋಟಾರ್ ಸ್ಟಾರ್ಟ್ ಆಗುತ್ತದೆ. ಅವತ್ತು ಏಳೂ ಜನರ ಫೋನಿನಲ್ಲಿ ಒಂದೇ ಸಾಲು: ‘ಇನ್ರು ಮುರೈ ಇಲ್ಲೈ’. ಇವತ್ತು ಯಾರ ಸರದಿಯೂ ಇಲ್ಲ.

ಹೋದ ವರ್ಷವೂ ಹೀಗೇ ಆಯಿತಂತೆ. ಅದರ ಹಿಂದಿನ ವರ್ಷವೂ. ಕಂಪನಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಸಮಸ್ಯೆ ಎಂದರಂತೆ. ಪಂಚಾಂಗ ನೋಡಿಕೊಂಡು ಬರುವ ನೆಟ್‌ವರ್ಕ್ ಸಮಸ್ಯೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನಾನು ನಕ್ಕೆ. ಅವನು ಇನ್ನಷ್ಟು ಬೈದು ಫೋನ್ ಇಟ್ಟ. ಆಮೇಲೆ ಹಲ್ಲುಜ್ಜುತ್ತಾ ನಿಂತಾಗ ತಲೆಗೆ ಬಂತು: ಮಾಟ್ಟುಪೊಂಗಲ್ ದಿನ ಬಾವಿಗೆ ರಜೆ ಕೊಡುವವರು ಈ ಜಿಲ್ಲೆಗಳಲ್ಲೆಲ್ಲ ಯಾರಿದ್ದಾರೆ? ನಾವು. ನಾವು ಮಾತ್ರ.

(ಈ ಅಂಕಣಕ್ಕೆ ಹೊಸದಾಗಿ ಬಂದವರಿಗೆ: ನಾವೆಂದರೆ ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದ ಮನೆಗಳವರು. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಹೊರಗೆ ತಮಿಳು, ಒಳಗೆ ಕನ್ನಡ. ಒಳಗಿನ ಕನ್ನಡಕ್ಕೆ ಲಿಪಿಯಿಲ್ಲ. ನಾನು ಈ ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಚಾಮರಾಜನಗರದಲ್ಲಿ ಕೆಲಸಕ್ಕಿದ್ದಾಗ, ಬಸ್ಸಿನ ಬೋರ್ಡು ಓದಿ ಓದಿ.)

ಕಂಬಂನಲ್ಲಿ ನಮ್ಮ ದೇವರ ದನಗಳ ದೊಡ್ಡಿಯಿದೆ. ತೊಳು ಎನ್ನುತ್ತೇವೆ. ಅಲ್ಲಿನ ಹಸುಗಳ ಹಾಲು ಕರುಗಳಿಗೆ, ಮನುಷ್ಯರಿಗಲ್ಲ. ಎತ್ತುಗಳಿಗೆ ನೊಗವಿಲ್ಲ. ಯಾರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮಾಟ್ಟುಪೊಂಗಲ್ ದಿನ ಮನೆಮಂದಿಯೆಲ್ಲ ಅಲ್ಲಿರಬೇಕು. ಹಾಗಾಗಿ ನಮ್ಮ ಮನೆತನದ ಬಾವಿಯಲ್ಲಿ ಅವತ್ತು ನೀರೆತ್ತುವುದಿಲ್ಲ. ಎತ್ತಲು ಅಲ್ಲಿ ಜನವೇ ಇರುವುದಿಲ್ಲ.

ಅದು ಸರಿ. ಪಳನಿಯ ಸೀಬೆ ತೋಟಕ್ಕೂ ನಮ್ಮ ತೊಳುವಿಗೂ ಏನು ಸಂಬಂಧ?

ಅದೇ ವಾರ ನಾಗಮ್ಮ ಬಂದಳು. ತೀರಿಕೊಂಡ ನಮ್ಮಣ್ಣನ ಮಗಳು. ಕಾಮರ್ಸ್ ಓದಿದವಳು, ಗಂಡನ ಜೊತೆ ತೇನಿಯಲ್ಲಿ ಬೀಜ ಗೊಬ್ಬರದ ಅಂಗಡಿ ನಡೆಸಿದವಳು, ಈಗ ತವರಿನ ಪಾಲಿಗೆ ಬಂದ ಒಂದೂವರೆ ಎಕರೆಯಲ್ಲಿ ಪನ್ನೀರ್ ದ್ರಾಕ್ಷಿ ಮಾಡುತ್ತಿದ್ದಾಳೆ. ಭೂಮಿಯ ಜೊತೆ ಬಾವಿಯಲ್ಲೂ ಪಾಲು ಬಂದಿದೆ. ಅವಳ ತಮ್ಮ ಒಂದು ಮಾತು ಆಡದೆ ಬಿಟ್ಟುಕೊಟ್ಟ. ಬಾವಿಯ ಉಳಿದ ಪಾಲುದಾರರು, ಹೆಣ್ಣುಮಗಳಿಗೆ ಮುರೆಯೇ ಎಂದು ಒಂದು ಕಾಲಕ್ಕೆ ಮೀಸೆ ತಿರುವುತ್ತಿದ್ದವರು, ಅವರೂ ಒಪ್ಪಿದರು. ಹನ್ನೊಂದು ಜನ ಗಂಡಸರು ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ್ಯಪ್ ಮಾತ್ರ ಒಪ್ಪಲಿಲ್ಲ.

ನಮ್ಮ ಬಾವಿಗೂ ಅದೇ ದಿಂಡುಗಲ್ಲಿನ ಆ್ಯಪ್. ಹನ್ನೆರಡನೆಯ ಹೆಸರು ಹಾಕಿದರೆ ಅದು ಸುಮ್ಮನೆ ಮುಚ್ಚಿಕೊಳ್ಳುತ್ತಿತ್ತು. ಕಂಪನಿಯವರು ಯಾವ ಬಾವಿಗೂ ಹನ್ನೊಂದಕ್ಕಿಂತ ಹೆಚ್ಚು ಆಗುವುದಿಲ್ಲ, ಸಾಫ್ಟ್‌ವೇರ್ ನಮ್ಮದು, ಒಳಗೆ ಬೇರೆ ಯಾರೂ ಕೈ ಹಾಕುವಂತಿಲ್ಲ ಎಂದರು. ನಾಗಮ್ಮ ಬಳ್ಳಿ ಕತ್ತರಿಸಿ ನಾಲ್ಕು ದಿನವಾಗಿತ್ತು. ದ್ರಾಕ್ಷಿ ಬೆಳೆದವರನ್ನು ಕೇಳಿ, ಕತ್ತರಿಸಿದ ಮೇಲೆ ನೀರು ತಪ್ಪಿದರೆ ಚಿಗುರು ಒಂದೇ ಸಮ ಬರುವುದಿಲ್ಲ, ಆ ಫಸಲು ಕೈಬಿಟ್ಟಂತೆಯೇ. ತಮ್ಮನ ಮುರೆಯಲ್ಲಿ ಒಂದಿಷ್ಟು, ಪಕ್ಕದ ಮಾಮನ ಮುರೆಯಲ್ಲಿ ಒಂದಿಷ್ಟು ಎಂದು ಕೇಳಿ ಕೇಳಿ ಹಾಯಿಸುತ್ತಿದ್ದಳು. ತನ್ನದೇ ಬಾವಿಯ ನೀರನ್ನು ದಿನಾ ಬೆಳಿಗ್ಗೆ ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳುವುದು ಹೇಗಿರುತ್ತದೆ? ನಾನು ಕೇಳಲಿಲ್ಲ. ಅವಳ ಮುಖದಲ್ಲೇ ಇತ್ತು.

ಹನ್ನೊಂದು. ನನಗೆ ಆ ಸಂಖ್ಯೆ ಮೇಲೆಯೇ ಕಣ್ಣು. ನಮ್ಮ ಮನೆತನದ ಹೆಸರು ಮೇಡುಮನೆ. ಮೇಡುಮನೆ ಬಾವಿಗೆ ಅಜ್ಜನ ಕಾಲದಿಂದ ಪಾಲು ಹನ್ನೊಂದು. ಒಂದು ಆ್ಯಪಿಗೆ ನಮ್ಮ ಬಾವಿಯ ಪಾಲೆಷ್ಟು ಗೊತ್ತು, ನಮ್ಮ ತೊಳುವಿನ ಹಬ್ಬ ಯಾವತ್ತು ಗೊತ್ತು. ಇದನ್ನು ಬರೆದವರು ನಮ್ಮ ಮನೆಯವರಲ್ಲದೆ ಇನ್ಯಾರು?

ಮರುದಿನವೇ ನಾಗಮ್ಮನನ್ನು ಕರೆದುಕೊಂಡು ಆಂಡಿಪಟ್ಟಿಗೆ ಬಸ್ಸು ಹತ್ತಿದೆ. ರಂಗಮ್ಮಕ್ಕ ಇರುವುದು ಅಲ್ಲಿ.

ರಂಗಮ್ಮಕ್ಕ ನನ್ನ ದೊಡ್ಡಪ್ಪನ ಮಗಳು. ಆಂಡಿಪಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಆದರೆ ಅವಳ ಕಥೆ ಹೇಳಬೇಕಾದರೆ ಇಪ್ಪತ್ತು ಚಿಲ್ಲರೆ ವರ್ಷ ಹಿಂದಕ್ಕೆ, ದಿಂಡುಗಲ್ಲಿಗೆ ಹೋಗಬೇಕು.

ಆಗ ನಾನು ದಿಂಡುಗಲ್ಲಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಕಂಪ್ಯೂಟರ್ ಮ್ಯಾಗಜಿನ್ ಕೊಂಡರೆ ಜೊತೆಗೊಂದು ಸಿ.ಡಿ. ಬಿಟ್ಟಿ ಬರುತ್ತಿದ್ದ ಕಾಲ. ಒಂದು ತಿಂಗಳು ಆ ಸಿ.ಡಿ.ಯಲ್ಲಿ ಲಿನಕ್ಸ್ ಬಂತು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಕಂಪ್ಯೂಟರ್ ವ್ಯವಸ್ಥೆ. ಹಾಕಿದೆ. ಮಾನಿಟರ್ ಕಪ್ಪಾಯಿತು. ಮೂರು ದಿನ ಕಪ್ಪಾಗಿಯೇ ಇತ್ತು. (ಪ್ರಿನ್ಸಿಪಾಲರಿಗೆ ತಪ್ಪು ಕರೆಂಟಿನದೆಂದು ಹೇಳಿದೆ. ಈಗ ಒಪ್ಪಿಕೊಳ್ಳುತ್ತೇನೆ.) ನಾಲ್ಕನೆಯ ದಿನ ಪರದೆ ಬೆಳಗಿತು. ಆ ಖುಷಿಯನ್ನು ಹಂಚಿಕೊಳ್ಳಲು ಊರಲ್ಲಿ ಇನ್ಯಾರಾದರೂ ಇದ್ದಾರಾ ಎಂದು ಹುಡುಕಿದರೆ ಆರು ಜನ ಸಿಕ್ಕರು. ಒಬ್ಬ ಅಂಚೆ ನೌಕರ, ಇಬ್ಬರು ಮೇಷ್ಟ್ರು, ಒಬ್ಬ ಬ್ರೌಸಿಂಗ್ ಸೆಂಟರಿನವನು, ಒಬ್ಬ ಕಾಲೇಜು ವಿದ್ಯಾರ್ಥಿನಿ, ಮತ್ತೆ ಬೀಗ ಮಾಡುವ ಒಬ್ಬ ಭಾಯಿ. ಆ ಭಾಯಿಯ ವರ್ಕ್‌ಶಾಪಿನ ಮಹಡಿಯೇ ನಮ್ಮ ಆಫೀಸು. ಕೆಳಗೆ ದಿಂಡುಗಲ್ ಬೀಗಗಳಿಗೆ ಅರ ಹಾಕುವ ಸದ್ದು. ಮೇಲೆ ನಾವು, ಯಾವ ಸಾಫ್ಟ್‌ವೇರಿಗೂ ಬೀಗ ಇರಬಾರದು ಎಂದು ವಾದಿಸುವವರು. ಭಾಯಿಗೆ ಇದರಲ್ಲಿ ಏನೂ ತಮಾಷೆ ಕಂಡಿರಲಿಲ್ಲ. ಬೀಗ ಮಾಡುವವನಿಗೇ ಗೊತ್ತು ಎಲ್ಲಿ ಬೀಗ ಬೇಡವೆಂದು ಎನ್ನುತ್ತಿದ್ದ.

ದೇಶದಲ್ಲಿ ಮುಕ್ತ ತಂತ್ರಾಂಶದ ಚಳವಳಿ ಶುರುವಾದ ಕಥೆ ಯಾರಾದರೂ ಹೇಳಿದರೆ ದೊಡ್ಡ ನಗರಗಳ ಹೆಸರು ಬರುತ್ತದೆ. ದೊಡ್ಡ ಸಂಸ್ಥೆಗಳ ಹೆಸರು ಬರುತ್ತದೆ. ಗುಡ್ಡದಾಚೆಯ ಕೇರಳದಲ್ಲಿ ಅದು ಶಾಲೆಗಳಿಗೇ ಹೋದದ್ದು ಬರುತ್ತದೆ. ಬರಲಿ, ಅದೆಲ್ಲ ನಿಜ. ಆದರೆ ಆ ಕಾಲಕ್ಕೆ ಬಸ್ಸಿನಲ್ಲಿ ತೊಡೆಯ ಮೇಲೆ ಸಿ.ಪಿ.ಯು. ಇಟ್ಟುಕೊಂಡು ಪೆರಿಯಕುಳಂನಿಂದ ದಿಂಡುಗಲ್ಲಿಗೆ ಇನ್‌ಸ್ಟಾಲ್ ಮಾಡಿಸಲು ಬರುತ್ತಿದ್ದವರ ಕಥೆ ಎಲ್ಲಿದೆ? ಫೋನ್ ಲೈನಿನಲ್ಲಿ ಇಂಟರ್ನೆಟ್ ಕುಂಟುತ್ತಿದ್ದಾಗ ಒಂದು ಫೈಲಿಗೆ ಇಡೀ ಭಾನುವಾರ ಕಾದವರದು? ಮೆನುಗಳನ್ನು ಒಂದೊಂದಾಗಿ ಅವರವರ ಭಾಷೆಗೆ ತಿರುಗಿಸುತ್ತಾ, ‘ಫೋಲ್ಡರ್’ಗೆ ಏನನ್ನಬೇಕೆಂದು ಅರ್ಧ ದಿನ ಕಿತ್ತಾಡಿದವರದು?

ಆ ಮಹಡಿಗೆ ಒಂದು ಭಾನುವಾರ ರಂಗಮ್ಮಕ್ಕನನ್ನು ಕರೆದುಕೊಂಡು ಹೋದೆ. ನನ್ನ ಊಟದ ಡಬ್ಬಿ ತಂದಿದ್ದಳು ಅಷ್ಟೆ. ಮೂಲೆಯಲ್ಲಿ ಕೂತು ನಮ್ಮ ಕಿತ್ತಾಟ ಕೇಳಿದಳು. ಮುಂದಿನ ಭಾನುವಾರ ತಾನೇ ಬಂದಳು. ಆರು ತಿಂಗಳಿಗೆ ನಮಗೆಲ್ಲರಿಗೂ ಪ್ರೋಗ್ರಾಂ ಬರೆಯಲು ಕಲಿಸುತ್ತಿದ್ದಳು.

ಅವಳು ಬರೆದ ಮೊದಲ ದೊಡ್ಡ ಪ್ರೋಗ್ರಾಂ ಯಾವುದು ಗೊತ್ತೇ? ಬಾವಿಯ ಮುರೆ. ಆ ವರ್ಷ ಮೇಡುಮನೆ ಬಾವಿಯ ಸರದಿ ಲೆಕ್ಕ ತಪ್ಪಿ ದಾಯಾದಿಗಳು ಕೈ ಕೈ ಮಿಲಾಯಿಸಿದ್ದರು. ಅಕ್ಕ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ ವರ್ಷದ ಪಟ್ಟಿ ಪ್ರಿಂಟ್ ತೆಗೆದು ಬಾವಿಕಟ್ಟೆಯ ಮೋಟಾರ್ ಶೆಡ್ಡಿಗೆ ಅಂಟಿಸಿದಳು. ಜಗಳ ನಿಂತಿತು. ಪಕ್ಕದ ಬಾವಿಯವರು ಕೇಳಿದರು, ಕೊಟ್ಟಳು. ಆಮೇಲೆ ನಾವು ಹಂಚುತ್ತಿದ್ದ ಪ್ರತಿ ಸಿ.ಡಿ.ಯಲ್ಲೂ ಅದನ್ನು ಸೇರಿಸಿದೆವು. ಯಾರು ಬೇಕಾದರೂ ಬಳಸಿ, ಒಳಗೆ ನೋಡಿ, ತಿದ್ದಿ, ಹಂಚಿ. ಒಂದೇ ಷರತ್ತು: ತಿದ್ದಿದ್ದನ್ನು ಬೇರೆಯವರಿಗೆ ಕೊಡುವಾಗ ಅದರ ಒಳಗನ್ನೂ, ಅಂದರೆ ಸೋರ್ಸ್ ಕೋಡನ್ನೂ, ಇದೇ ಸ್ವಾತಂತ್ರ್ಯವನ್ನೂ ಕೊಡಬೇಕು.

ಈ ಲೈಸೆನ್ಸನ್ನು ಬಾವಿಕಟ್ಟೆಯ ಮೇಲೆ ಕೂತ ನಮ್ಮ ಮಾಮಂದಿರಿಗೆ ವಿವರಿಸಲು ನಾನು ಒಂದು ಗಂಟೆ ಒದ್ದಾಡಿದೆ. ಯಾರಿಗೂ ತಲೆಬುಡ ತಿಳಿಯಲಿಲ್ಲ. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು.

"ತೊಳುವಿನ್ ಅಸು ಆಕಿದ್ ಕರುವೂ ತೊಳುವಿಂದೇ ಅಲ್ವಾ ಮಾಮ. ಇದೂ ಅಂಗೇಯ."

ಎಲ್ಲರೂ ತಲೆಯಾಡಿಸಿದರು. ದೇವರ ಹಸುವನ್ನು ನೀವು ಮೇಯಿಸಬಹುದು, ನೀರು ಕುಡಿಸಬಹುದು, ಆದರೆ ಅದು ಹಾಕಿದ ಕರುವನ್ನು ಮನೆಗೆ ಹೊಡೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಕಟ್ಟುವಂತಿಲ್ಲ. (ತಂತ್ರಾಂಶವನ್ನು ದುಡ್ಡಿಗೆ ಮಾರಲೂಬಹುದು, ಅದೊಂದು ವ್ಯತ್ಯಾಸ. ಅದನ್ನು ಮಾಮಂದಿರಿಗೆ ಹೇಳಲು ಹೋಗಲಿಲ್ಲ.) ವಕೀಲರು ಪುಟಗಟ್ಟಲೆ ಬರೆದದ್ದನ್ನು ನಮ್ಮ ಜನ ತಲೆತಲಾಂತರದಿಂದ ದನದ ದೊಡ್ಡಿಯಲ್ಲಿ ನಡೆಸಿಕೊಂಡು ಬಂದಿದ್ದಾರೆ. ನನಗೆ ಈಗಲೂ ಇದನ್ನು ನೆನೆದರೆ ಎದೆ ಉಬ್ಬುತ್ತದೆ.

ಆದರೆ ಅಲ್ಲೇ ಅಕ್ಕ ಒಂದು ತಪ್ಪು ಮಾಡಿದಳು. ನಮ್ಮವರು ಮಾತ್ರ ಮಾಡಬಹುದಾದ ತಪ್ಪು.

ಪ್ರೋಗ್ರಾಮಿನ ತಲೆಯಲ್ಲಿ ಬರೆದವರ ಹೆಸರು ಹಾಕಬೇಕಿತ್ತು. ಅವಳು ಹಾಕಿದ್ದು ‘ಮೇಡುಮನೆ’ ಎಂದು. ಅಷ್ಟೇ. ಯಾಕೆಂದರೆ ನಮ್ಮಲ್ಲಿ ತೊಳುವಿಗೆ ಕರು ಬಿಡುವಾಗ ಬಿಟ್ಟವರ ಹೆಸರು ಹೇಳುವುದಿಲ್ಲ, ಮನೆಯ ಹೆಸರು ಮಾತ್ರ. ನಾನು ಆಗಲೇ ಜಗಳವಾಡಿದೆ. ಇದು ಕರುವಲ್ಲ ಅಕ್ಕ, ಕೋಡ್ ಎಂದೆ. ನಮ್ಮಪ್ಪ ಕರು ಬಿಟ್ಟಾಗ ತನ್ನ ಹೆಸರು ಹೇಳಿದರಾ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು.

ಈಗ ಆಂಡಿಪಟ್ಟಿಯ ಅವಳ ಮನೆಯಲ್ಲಿ ಕೂತು ನಾನು ಎಲ್ಲ ಹೇಳಿದೆ. ಪಳನಿಯ ಬಾವಿ, ಹನ್ನೊಂದರ ಲೆಕ್ಕ, ನಾಗಮ್ಮನ ಬಳ್ಳಿ. ಅಕ್ಕ ಎದ್ದು ಬೀರುವಿನ ಮೇಲಿನಿಂದ ಹಳೆಯ ಬಿಸ್ಕತ್ತು ಡಬ್ಬಿ ಇಳಿಸಿದಳು. ಸಿ.ಡಿ.ಗಳಿದ್ದವು. ಒಂದೂ ಓಡಲಿಲ್ಲ, ಬೂಷ್ಟು ಹಿಡಿದಿತ್ತು. ಅಕ್ಕ ನಗುತ್ತಾ ಗಣಿತದ ಚಾರ್ಟುಗಳ ಕಟ್ಟಿನೊಳಗಿಂದ ಒಂದು ಸುರುಳಿ ಎಳೆದಳು. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಡಾಟ್ ಮ್ಯಾಟ್ರಿಕ್ಸ್ ಕಾಗದ. ಇಡೀ ಪ್ರೋಗ್ರಾಂ. ತಲೆಯಲ್ಲಿ ಲೈಸೆನ್ಸು. ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಮೇಡುಮನೆ. ಮೇಷ್ಟ್ರುಗಳು ಪರೀಕ್ಷೆಯ ಕಾಗದ ಬಿಟ್ಟು ಬೇರೇನನ್ನೂ ಎಸೆಯುವುದಿಲ್ಲ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನಾಗಮ್ಮ ನೆಲದ ಮೇಲೆ ಸುರುಳಿ ಬಿಡಿಸಿ ಬೆರಳಿಟ್ಟು ಓದಿದಳು. ಹನ್ನೊಂದು ಎಂದಿದ್ದ ಜಾಗ ತಾನೇ ಹುಡುಕಿದಳು.

ಮಂಗಳವಾರ ಮೂವರೂ ದಿಂಡುಗಲ್ಲಿನ ಆ ಆಫೀಸಿಗೆ ಹೋದೆವು. ಮ್ಯಾನೇಜರ್ ಮರ್ಯಾದಸ್ಥ. ಟೀ ತರಿಸಿದರು. ಕಾಗದದ ಸುರುಳಿ ನೋಡಿ, ಇಂಥ ಹಳೆಯ ಪ್ರಿಂಟುಗಳನ್ನು ಯಾರು ಬೇಕಾದರೂ ತರಬಹುದಲ್ಲ ಎಂದರು. ಮೇಡುಮನೆ ಎಂಬುದು ಯಾವ ಕಂಪನಿ, ಎಲ್ಲಿ ರಿಜಿಸ್ಟರ್ ಆಗಿದೆ ಎಂದು ಕೇಳಿದರು. ಅದು ಕಂಪನಿಯಲ್ಲ, ನಮ್ಮ ಮನೆ ಎಂದು ಎದ್ದು ನಿಂತೆ. ಅಕ್ಕ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು. (ಅರವತ್ತರ ಹತ್ತಿರದವನನ್ನು. ಮ್ಯಾನೇಜರ್ ಎದುರಿಗೆ.)

ಆಮೇಲೆ ಅಕ್ಕ ಕ್ಲಾಸಿನಲ್ಲಿ ಕೇಳುವ ದನಿಯಲ್ಲಿ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ನಿಮ್ಮ ಬಾವಿಗಳೆಲ್ಲ ಮಾಟ್ಟುಪೊಂಗಲ್ ದಿನ ಯಾಕೆ ನಿಲ್ಲುತ್ತವೆ?

ಮ್ಯಾನೇಜರ್ ಒಳಗಿನಿಂದ ತಮ್ಮ ಪ್ರೋಗ್ರಾಮರನ್ನು ಕರೆಸಿದರು. ಸೆಲ್ವಿ ಎಂದು, ಕನ್ನಡಕದ ಹೆಣ್ಣುಮಗಳು, ಎರಡು ವರ್ಷದ ಹಿಂದೆ ಸೇರಿದವರು. ಸೆಲ್ವಿ ಮೊದಲು ಬಾಗಿಲಲ್ಲೇ ನಿಂತು ಸುರುಳಿಯನ್ನು ದಿಟ್ಟಿಸಿದರು. ಮತ್ತೆ ಹತ್ತಿರ ಬಂದು ಎರಡು ಅಡಿ ಕಾಗದ ಓದಿದರು. ಅವರ ಮುಖ ಬದಲಾಯಿತು. ತಮ್ಮ ಆ್ಯಪಿನ ಹೊರಗಿನದೆಲ್ಲ ಹೊಸದು, ಲೆಕ್ಕ ಹಾಕುವ ಭಾಗ ಮಾತ್ರ ಹಳೆಯದು, ಯಾರೋ ಎಂದೋ ಎಲ್ಲಿಂದಲೋ ತಂದಿಟ್ಟದ್ದು, ತಾನು ಅದನ್ನು ಮುಟ್ಟಲು ಹೆದರಿ ಹಾಗೇ ಬಿಟ್ಟಿದ್ದೇನೆ ಎಂದು ಪ್ರಾಮಾಣಿಕವಾಗಿ ಹೇಳಿದರು. ಅದರಲ್ಲಿ ಅಲ್ಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಏನೋ ಟಿಪ್ಪಣಿಗಳಿವೆ, ಯಾವ ಭಾಷೆಯೋ ತಿಳಿಯದು ಎಂದರು.

ಮ್ಯಾನೇಜರ್ ಬೇಡವೆನ್ನುವ ಮೊದಲೇ ನಾಗಮ್ಮ, ಪೊಂಗಲ್ ದಿನದ ಜಾಗದಲ್ಲಿ ಏನಿದೆ ಓದಿ ಎಂದಳು. ಸೆಲ್ವಿ ಲ್ಯಾಪ್‌ಟಾಪ್ ತೆರೆದರು. ಒಂದೊಂದೇ ಅಕ್ಷರ ಕೂಡಿಸಿ, ಅರ್ಥ ಗೊತ್ತಿಲ್ಲದೆ, ಓದಿದರು.

"ಇವತ್ತು ತೊಳುವಿಗೆ ಓಗ್ಬೇಕು. ಬಾವಿ ಸುಮ್ಕಿರ್ಲಿ."

ನಾನು ಸುಳ್ಳು ಹೇಳುವುದಿಲ್ಲ, ನನಗೆ ಕಣ್ಣು ತುಂಬಿತು. ಲಿಪಿಯಿಲ್ಲದ ನಮ್ಮ ಮನೆಮಾತು. ನಮ್ಮ ಮಕ್ಕಳೇ ಆಡಲು ನಾಚುವ ಮಾತು. ಅದು ಇಷ್ಟು ವರ್ಷ ಪಳನಿಯಿಂದ ಪೆರಿಯಕುಳಂವರೆಗೆ ಎಷ್ಟೋ ಬಾವಿಗಳ ಮೋಟಾರುಗಳೊಳಗೆ ಕೂತು, ಯಾರಿಗೂ ತಿಳಿಯದೆ ಕೆಲಸ ಮಾಡುತ್ತಿತ್ತು.

ಅಕ್ಕ ತನ್ನ ಸುರುಳಿಯಲ್ಲಿ ಅದೇ ಸಾಲಿನ ಮೇಲೆ ಬೆರಳಿಟ್ಟು ಮ್ಯಾನೇಜರಿಗೆ ತೋರಿಸಿದಳು. ಅಕ್ಷರಕ್ಕೆ ಅಕ್ಷರ ಒಂದೇ. ಅವರು ಲ್ಯಾಪ್‌ಟಾಪನ್ನೂ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, ನೀವು ಏನು ಕೇಳುತ್ತೀರಿ ಎಂದರು. ಪರಿಹಾರದ ಮಾತು ಬರುತ್ತದೆ ಎಂದುಕೊಂಡಿದ್ದರೇನೋ. ಅಕ್ಕ ಏನೂ ಕೇಳಲಿಲ್ಲ. ಕರುವನ್ನು ಬಿಚ್ಚಿ ಬಿಡಿ ಎಂದಳು. ಪಾಪ, ಅವರಿಗೆ ತಿಳಿಯಲಿಲ್ಲ. ಲೈಸೆನ್ಸಿನಲ್ಲಿದ್ದಂತೆ ಸೋರ್ಸ್ ಕೋಡನ್ನು ಎಲ್ಲರಿಗೂ ಸಿಗುವಂತೆ ಇಡಿ ಎಂದು ನಾನು ಭಾಷಾಂತರ ಮಾಡಿದೆ.

ಮಾಲೀಕರಿಗೆ ಫೋನ್, ವಕೀಲರಿಗೆ ಫೋನ್. ಒಂಬತ್ತು ದಿನ ತೆಗೆದುಕೊಂಡರು. ಆ ಒಂಬತ್ತು ದಿನವೂ ನಾಗಮ್ಮ ಬಾಗಿಲಿಂದ ಬಾಗಿಲಿಗೆ ನೀರು ಕೇಳಿದಳು. ಹತ್ತನೆಯ ದಿನ ಇಟ್ಟರು. ಇಡೀ ಸೋರ್ಸ್ ಕೋಡ್, ಲೈಸೆನ್ಸಿನ ಸಮೇತ, ಇಂಟರ್ನೆಟ್ಟಿನಲ್ಲಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ. ಸೆಲ್ವಿ ತಾವಾಗಿಯೇ ಫೋನ್ ಮಾಡಿ ಹೇಳಿದರು. ಅವರ ದನಿಯಲ್ಲಿ ನಮಗಿಂತ ಹೆಚ್ಚು ಸಂಭ್ರಮವಿತ್ತು.

ಹನ್ನೊಂದನ್ನು ತೆಗೆದು, ಬಾವಿಗೆ ಎಷ್ಟು ಪಾಲಿದೆಯೋ ಅಷ್ಟು ಎಂದು ತಿದ್ದಲು ಎಷ್ಟು ಸಾಲು ಬೇಕಾಯಿತು ಗೊತ್ತೇ? ನಾಲ್ಕು. ಅಕ್ಕ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು, ನಾಗಮ್ಮ ಟೈಪ್ ಮಾಡಿದಳು. ಸೆಲ್ವಿ ಪರೀಕ್ಷಿಸಿ ಅದೇ ದಿನ ಆ್ಯಪಿಗೆ ಸೇರಿಸಿದರು.

ಹೋದ ಗುರುವಾರ ಬೆಳಿಗ್ಗೆ ಮೇಡುಮನೆ ಬಾವಿಕಟ್ಟೆಯಲ್ಲಿ ಹನ್ನೊಂದು ಜನವೂ ಹಾಜರು. ಕರೆದಿರಲಿಲ್ಲ, ಬಂದಿದ್ದರು. ನಾಗಮ್ಮನ ಫೋನಿನಲ್ಲಿ ಹನ್ನೆರಡನೆಯ ಸಾಲಿನಲ್ಲಿ ಅವಳ ಹೆಸರು, ಅದರ ಪಕ್ಕದಲ್ಲಿ ಅವಳ ಮುರೆ. ಒತ್ತಿದಳು. ಮೋಟಾರ್ ಒಮ್ಮೆ ಕೆಮ್ಮಿ ಶುರುವಾಯಿತು. ನೀರು ಕಾಲುವೆಗೆ ಬಿದ್ದು, ಹಂದರದ ಕೆಳಗೆ, ಬಳ್ಳಿಯ ಬುಡಬುಡಕ್ಕೂ ಹರಿಯಿತು. ಮೀಸೆಯ ಮಾಮನೊಬ್ಬ ಮಡೆ, ಅಂದರೆ ಕಾಲುವೆಯ ಬಾಯಿ, ತಿರುಗಿಸಲು ಸನಿಕೆ ಹಿಡಿದು ಮುಂದೆ ಹೋದ. ನಾಗಮ್ಮ ಅವನ ಕೈಯಿಂದ ಸನಿಕೆ ತೆಗೆದುಕೊಂಡು ತಾನೇ ತಿರುಗಿಸಿದಳು. ಗೆದ್ದೆವು ಎಂದು ಕಿರುಚಬೇಕೆನಿಸಿತು. ವಯಸ್ಸು ನೆನಪಾಗಿ ಸುಮ್ಮನಾದೆ.

ಮನೆಗೆ ಬಂದು ವೇಲುಸಾಮಿಗೆ ಫೋನ್ ಮಾಡಿದೆ. ಇನ್ನು ಯಾರು ಬೇಕಾದರೂ ತಿದ್ದಬಹುದು, ನಿನ್ನ ಬಾವಿಯ ಪೊಂಗಲ್ ರಜೆ ತೆಗೆಸಿಬಿಡೋಣವೇ ಎಂದೆ. ಅವನು, ಇರಲಿ ಬಿಡಪ್ಪ, ವರ್ಷಕ್ಕೊಂದು ದಿನ ಅದಕ್ಕೂ ವಿಶ್ರಾಂತಿ ಬೇಡವೇ ಎಂದ. ಬೈಯುವುದಕ್ಕೆ ಬೇರೆ ಕಾರಣ ಹುಡುಕುತ್ತಾನಂತೆ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಅವತ್ತು ಸಂಜೆ ನಾಗಮ್ಮ ಲ್ಯಾಪ್‌ಟಾಪ್ ಹಿಡಿದುಕೊಂಡು ಮತ್ತೆ ಅಕ್ಕನ ಎದುರು ಕೂತಳು. ನಾಲ್ಕು ಸಾಲು ತಿದ್ದಿದವಳು ತಾನು ಎಂದು ತನ್ನ ಹೆಸರು ಬರೆದಿದ್ದಳು. ಅದರ ಮೇಲಿನ ಸಾಲಿನಲ್ಲಿ ಮೇಡುಮನೆ ಎಂದಷ್ಟೇ ಇತ್ತು. ಅಲ್ಲಿ ರಂಗಮ್ಮ ಎಂದು ಸೇರಿಸುತ್ತೇನೆ ಎಂದಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಅದೇ ಹಳೆಯ ಮಾತು, ಕರು ಬಿಟ್ಟವರು ಹೆಸರು ಹೇಳುವುದಿಲ್ಲ.

ನಾಗಮ್ಮನ ಕನ್ನಡ ಎರಡು ಮಾತಿಗೊಮ್ಮೆ ತಮಿಳಿಗೆ ಜಾರುತ್ತದೆ. ಅವತ್ತು ಜಾರಲಿಲ್ಲ.

"ಪಟ್ಟೀಲಿ ನನ್ ಎಸ್ರು ಇಲ್ದೆ ನಂಗೆ ನೀರ್ ಬರ್ಲಿಲ್ಲ ಅತ್ತೆ. ನಿಮ್ ಎಸ್ರು ಇಲ್ದೆ ಕರುನೇ ಒಡ್ಕೊಂಡು ಓದ್ರು."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಪರದೆಯ ಹತ್ತಿರ ಬಾಗಿ, ತನ್ನ ಹೆಸರಿನ ಸ್ಪೆಲ್ಲಿಂಗ್ ಸರಿಯಿದೆಯಾ ನೋಡಿದಳು.

ದೇವರಿಗೆ ಬಿಟ್ಟ ಕರುವಿಗೆ ಬಿಟ್ಟವರ ಹೆಸರು ಬೇಡ, ಒಪ್ಪಿದೆ. ಆದರೆ ಆ ಕರುವನ್ನು ಬಿಡಿಸಿಕೊಂಡು ಬಂದ ರಂಗಮ್ಮಕ್ಕನ ಹೆಸರು ಇತಿಹಾಸದಲ್ಲಿ ಬೇಡವೇ?